ಉಪದೇಶದ ನಡುವೆ ಒಂದು ಬುಗುರಿ

ಆಮ್‌ಸ್ಟರ್‌ಡ್ಯಾಮಿನಲ್ಲಿ ಚಿತ್ರಕಾರ ರೆಂಬ್ರಾಂಟ್ ಬಾಳಿದ ಮನೆ ಈಗ ಮ್ಯೂಸಿಯಂ. 1639ರಲ್ಲಿ 13,000 ಗಿಲ್ಡರಿಗೆ ಸಾಲದ ಮೇಲೆ ಕೊಂಡು, 1656ರಲ್ಲಿ ದಿವಾಳಿಯೆದ್ದು ಕಡೆಗೆ ಕೈಬಿಟ್ಟ ಮನೆ. ಹೋಮ್‌ಲೋನಿನ ಕಂತು ಕಟ್ಟುವ ನನಗೆ ಹೊಸ್ತಿಲಲ್ಲೇ ನೆಂಟಸ್ತಿಕೆ ಹುಟ್ಟಿತು.

ಒಳಗೊಬ್ಬರು ಎಚಿಂಗ್ ಮಾಡಿ ತೋರಿಸುತ್ತಿದ್ದರು. ತಾಮ್ರದ ತಗಡಿಗೆ ಮೇಣ ಬಳಿದು ಸೂಜಿಯಿಂದ ಗೀರಬೇಕು. ಆಸಿಡ್ಡಿನಲ್ಲಿ ಅದ್ದಿದರೆ ಗೀರಿದ ಜಾಗವನ್ನಷ್ಟೇ ಅದು ತಿನ್ನುತ್ತದೆ. ಆ ಗೀರುಗಳಲ್ಲಿ ಶಾಯಿ ತುಂಬಿ ಒದ್ದೆ ಕಾಗದಕ್ಕೆ ಒತ್ತಿದರೆ ಚಿತ್ರ ಎಡಬಲ ತಿರುಗಿ ಬರುತ್ತದೆ. ನನ್ನ ಕಿವಿ ಕೆಲಸ ಮಾಡಿದ್ದು ಇಲ್ಲಿವರೆಗೆ. ಆಮೇಲೆ ಕಣ್ಣು ಗೋಡೆಯ ಮೇಲಿದ್ದ ರೆಂಬ್ರಾಂಟನ ಎಚಿಂಗುಗಳಿಗೆ ಹೋಯಿತು.

ದೇವರ ಚಿತ್ರ ನೋಡಲು ಹೋದವನಿಗೆ ಮೊದಲು ದರ್ಶನ ಕೊಟ್ಟದ್ದು ನಾಯಿ. 1633ರ ‘ಒಳ್ಳೆಯ ಸಮಾರ್ಯದವನು’. ಕಳ್ಳರಿಂದ ಪೆಟ್ಟು ತಿಂದವನನ್ನು ಕುದುರೆಯಿಂದ ಇಳಿಸುತ್ತಿದ್ದಾರೆ. ಮೆಟ್ಟಿಲ ಮೇಲೆ ಸಮಾರ್ಯದವನು ಛತ್ರದವನ ಕೈಗೆ ದುಡ್ಡು ಕೊಡುತ್ತಿದ್ದಾನೆ. ಹಿಂದೆ ಹೆಂಗಸೊಬ್ಬಳು ಬಾವಿಯಿಂದ ನೀರು ಸೇದುತ್ತಿದ್ದಾಳೆ. ಇಷ್ಟೆಲ್ಲ ಕರುಣೆಯ ಎದುರಿಗೆ, ಎಲ್ಲರಿಗಿಂತ ಮುಂದೆ, ನಾಯಿಯೊಂದು ಬಹಿರ್ದೆಸೆಗೆ ಕೂತಿದೆ! ಫೋಟೋ ಆಗಿದ್ದರೆ ಅಡ್ಡ ಬಂತು ಎನ್ನಬಹುದಿತ್ತು. ತಾಮ್ರದ ತಗಡಿನ ಮೇಲೆ ಯಾವ ನಾಯಿಯೂ ತಾನಾಗಿ ಬಂದು ಕೂರುವುದಿಲ್ಲ; ಅದರ ಒಂದೊಂದು ರೋಮವೂ ಬೇಕೆಂದೇ ಗೀರಿದ್ದು.

1654ರ ಇನ್ನೊಂದು ಚಿತ್ರ ಪೋಸ್ಟ್‌ಕಾರ್ಡಿನಷ್ಟೇ ಅಗಲ. ಮೇರಿ ನೆಲದ ಮೇಲೆ ಕೂತು ಮಗುವನ್ನು ಅವಚಿಕೊಂಡಿದ್ದಾಳೆ. ಹಿಂದಿನ ಕಿಟಕಿಯೇ ಅವಳ ಪ್ರಭಾವಳಿ. ಜೋಸೆಫ್ ಹೊರಗಿನಿಂದ ಇಣುಕುತ್ತಾನೆ, ಬಾಣಂತಿ ಕೋಣೆಯಲ್ಲಿ ತನಗೇನು ಕೆಲಸವೆಂದು ತಿಳಿಯದ ಎಲ್ಲ ಅಪ್ಪಂದಿರ ಹಾಗೆ. ಅವಳ ಲಂಗದಡಿ ಪಾಪದ ಹಾವು, ಪಕ್ಕದಲ್ಲಿ ಲಂಗದ ಅಂಚು ಪರಚುತ್ತ ಆಡುವ ಬೆಕ್ಕು. ಹಾವಿಗೆ ಶಾಸ್ತ್ರಾಧಾರವಿದೆ. ಬೆಕ್ಕಿಗೂ ಪಂಡಿತರು ಅರ್ಥ ಹಚ್ಚುತ್ತಾರೆ. ಬೆಕ್ಕು ಮಾತ್ರ ಕಿವಿಗೊಟ್ಟಂತೆ ಕಾಣುವುದಿಲ್ಲ.

ನಾನು ಕಾಲೂರಿ ನಿಂತದ್ದು ‘ಪುಟ್ಟ ಗೋರಿ’ಯ ಮುಂದೆ. ಅದರಲ್ಲಿ ಗೋರಿಯೇ ಇಲ್ಲ. ಲಾ ಟೋಂಬ್ (ಟೋಂಬ್ ಎಂದರೆ ಗೋರಿ) ಎಂಬವನ ಹೆಸರು ಅಂಟಿಕೊಂಡು ಹೀಗಾಯಿತಂತೆ. ಯೇಸು ಎರಡೂ ಕೈಯೆತ್ತಿ ಉಪದೇಶಿಸುತ್ತಿದ್ದಾನೆ. ಮಂದಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಾರೆ. ಮುಂದುಗಡೆ ಒಬ್ಬ ಪೋರ ಬೋರಲು ಮಲಗಿ ಬೆರಳಿನಿಂದ ಮಣ್ಣಿನಲ್ಲಿ ಏನೋ ಗೀಚುತ್ತಿದ್ದಾನೆ. ಪಕ್ಕದಲ್ಲಿ ಬುಗುರಿ, ಅದರ ದಾರ. ಗದರುವವರು ಯಾರೂ ಇಲ್ಲ.

ನಮ್ಮೂರ ಹರಿಕಥೆಯಲ್ಲಿ ನಾನು ಮುಂದಿನ ಸಾಲಿನವನು. ಜಮಖಾನದ ಎಳೆ ಕೀಳುತ್ತಿದ್ದೆ. ಅಜ್ಜಿ ತೊಡೆ ಚಿವುಟುತ್ತಿದ್ದಳು. ದಾಸರು ಯಾವ ಕಥೆ ಹೇಳಿದರೋ ಮರೆತಿದೆ. ಎಳೆಯ ಬಣ್ಣ ಕೆಂಪು. ಅಜ್ಜಿಯ ಉಗುರು ಹರಿತ. ತೊಡೆಯಲ್ಲಿ ಗೀರು ಇನ್ನೂ ಉಳಿದಂತಿದೆ.

ಹೊರಗೆ ಬಂದಾಗ ಹೆಂಡತಿ ಕೇಳಿದಳು: “ಆ ಮೇಣ ಕೊನೆಗೆ ಹೇಗೆ ತೆಗೆಯುತ್ತಾರಂತೆ?”

“ಅಲ್ಲೊಂದು ಬುಗುರಿ ಇತ್ತು,” ಎಂದೆ.