ಹೆಂಚಿನ ಮನೆಯ ಹೈ-ಫೈ

ಚನ್ನಪಟ್ಟಣವೆಂದರೆ ಬೊಂಬೆ ಎನ್ನುವುದು ಮಕ್ಕಳಿಗೂ ಗೊತ್ತು. ಅಲ್ಲಿನ ತಂತಿಯ ಸಂಗತಿ ಮಾತ್ರ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಚನ್ನಪಟ್ಟಣದಲ್ಲಿ ಎಳೆಯುವ ಉಕ್ಕಿನ ತಂತಿ ವಾದ್ಯಗಳಿಗೆಂದು ದೂರದೂರದ ಪ್ರಾಂತ್ಯಗಳಿಗೆ ಹೋಗುತ್ತದೆಂದು ಬರೆದಿಟ್ಟಿದ್ದಾನೆ. ಆ ಕಸಬು ನಿಂತು ಬಹಳ ಕಾಲವಾಯಿತು. ಬೊಂಬೆ ಉಳಿಯಿತು, ನಾದ ಹೋಯಿತು. ಆದರೂ ಈ ಸೀಮೆಯ ಮಣ್ಣಿನಲ್ಲಿ ಸದ್ದಿನ ಹುಚ್ಚು ಸ್ವಲ್ಪ ಉಳಿದಿರಬೇಕು. ಇಲ್ಲವಾದರೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಹುಟ್ಟಿದ ನನ್ನಂಥವನು ನಲವತ್ತು ವರ್ಷ ಸ್ಪೀಕರು, ಆಂಪ್ಲಿಫೈಯರು ಎಂದು ಸಂಬಳ ಸುರಿದದ್ದಕ್ಕೆ ಬೇರೆ ಕಾರಣ ಹೊಳೆಯುವುದಿಲ್ಲ.

ನಮ್ಮೂರು ವಿರೂಪಾಕ್ಷಿಪುರ, ಚನ್ನಪಟ್ಟಣ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಕಾರಿನವರು ಚನ್ನಪಟ್ಟಣದ ಪೇಟೆಯನ್ನೇ ನೋಡದೆ ಹಾಯ್ದು ಹೋಗುತ್ತಾರೆ; ಇನ್ನು ಅಲ್ಲಿಂದ ಒಳಕ್ಕೆ ತಿರುಗಿ ನಮ್ಮೂರಿಗೆ ಬರುವವರು ಯಾರು? ಬಂದರೆ ಕಾಣುವುದು ಇಷ್ಟೇ: ತೆಂಗು, ಹಿಪ್ಪುನೇರಳೆ, ರಾಗಿ ಹೊಲ, ಹೊಸ ತಾರಸಿ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದುಕೊಂಡ ಹೆಂಚಿನ ಮನೆ. ಅಂಥವುಗಳಲ್ಲಿ ನಮ್ಮದೂ ಒಂದು.

ಆ ಮನೆಗೆ ಬಂದ ಮೊದಲ ಯಂತ್ರ ಮರ್ಫಿ ರೇಡಿಯೊ. 1977ರಲ್ಲಿ ಒಂದು ಬೆಳೆ ಗೂಡು ಒಳ್ಳೆಯ ಧಾರಣೆಗೆ ಹೋಯಿತೆಂದು ಅಪ್ಪ ರಾಮನಗರದಿಂದ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಯಾರೋ ಬಳಸಿ ಬಿಟ್ಟದ್ದು. ವಾಲ್ವಿನ ರೇಡಿಯೊ ಕಂಡವರಿಗೆ ಗೊತ್ತು, ಸ್ವಿಚ್ಚು ಹಾಕಿದೊಡನೆ ಅದು ಮಾತಾಡುವುದಿಲ್ಲ. ವಾಲ್ವಿನೊಳಗಿನ ತಂತಿ ಕೆಂಪಗೆ ಕಾಯ್ದು ಎಲೆಕ್ಟ್ರಾನುಗಳು ಹೊರಡಬೇಕು. ಅದಕ್ಕೆ ಅರ್ಧ ನಿಮಿಷ ಬೇಕು. ಸಂಜೆ ವೋಲ್ಟೇಜು ಇಳಿದಾಗ ಒಂದು ನಿಮಿಷವೂ ಆಗುತ್ತಿತ್ತು. ಜಾಲರಿ ಏರಿಯಲ್ಲನ್ನು ತೊಲೆಯಿಂದ ತೊಲೆಗೆ ಕಟ್ಟಿ, ಅರ್ಥ್ ತಂತಿಯನ್ನು ತುಳಸಿಕಟ್ಟೆಯ ಪಕ್ಕ ಹೂತಿದ್ದರು. ಅವ್ವ ತುಳಸಿಗೆ ನೀರು ಹಾಕಿದ ಮೇಲೆ ರೇಡಿಯೊದ ಗೊರಗೊರ ಕಡಿಮೆಯಾಗುತ್ತಿತ್ತು. ಒದ್ದೆ ಮಣ್ಣು ವಿದ್ಯುತ್ತಿಗೆ ಒಳ್ಳೆಯ ದಾರಿ ಎಂಬ ಪಾಠವನ್ನು ನಾನು ಕಲಿತದ್ದು ಅಲ್ಲಿ, ಪುಸ್ತಕದಲ್ಲಿ ಅಲ್ಲ.

ಲೆಕ್ಕಕ್ಕೆ ಅದು ಹೈ-ಫೈ ಅಲ್ಲವೇ ಅಲ್ಲ. ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶಗಳು ಮನೆ ತಲುಪುವುದೇ ಇಲ್ಲ. ಎಳೆಯ ಕಿವಿ 20,000ದವರೆಗೆ ಕೇಳಬಲ್ಲದು. ಅಂದರೆ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋದ ಸದ್ದು ಅದು. ಆದರೆ ಮಾತಿನ ಜೀವ ಇರುವುದು ಉಳಿದ ಆ ಕಾಲು ಪಾಲಿನಲ್ಲೇ. ಬೆಂಗಳೂರು ಆಕಾಶವಾಣಿಯಲ್ಲಿ ಎ.ಎಸ್. ಮೂರ್ತಿಯವರು ಈರಣ್ಣನಾಗಿ ಮಾತಾಡಿದರೆ ಈರಣ್ಣ ನಮ್ಮ ಜಗಲಿಯಲ್ಲೇ ಕೂತಂತೆ ಇರುತ್ತಿತ್ತು. ಮರದ ಪೆಟ್ಟಿಗೆ, ದೊಡ್ಡ ಸ್ಪೀಕರು, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ನಡುಮನೆ. ಆ ನಡುಮನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಟೇಪ್ ರೆಕಾರ್ಡರ್ ಬಂದದ್ದು ಚಿಕ್ಕಪ್ಪನ ಕಡೆಯಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ಓಡುತ್ತದೆ. ಅಷ್ಟು ನಿಧಾನ ಓಡುವ ಪಟ್ಟಿಯ ಮೇಲೆ ಸಂಗೀತವನ್ನು ಬರೆದಿಡುವುದೇ ಒಂದು ಪವಾಡ. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತಲ್ಲ, ಅದು ನಮ್ಮ ಮನೆಗೆ ಬರುವ ಹೊತ್ತಿಗೆ ಹತ್ತು ಮನೆ ಸುತ್ತಿ ಅರ್ಧ ಸವೆದಿತ್ತು. ಪೆನ್ಸಿಲಿನಿಂದ ಸುತ್ತಿ, ಸ್ಪಿರಿಟ್ಟಿನಿಂದ ಹೆಡ್ ಒರೆಸಿ, ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಸುಕು ಧ್ವನಿ ಒಮ್ಮೆಲೇ ಕಣ್ಣು ಬಿಟ್ಟಂತೆ ತಿಳಿಯಾಗುತ್ತಿತ್ತು. ಆ ಕ್ಷಣದ ರುಚಿ ಹತ್ತಿದವನು ಮುಂದೆ ಉದ್ಧಾರವಾಗುವುದು ಕಷ್ಟ.

ಬಿ.ಎಸ್ಸಿ. ಓದಲು ಬೆಂಗಳೂರಿಗೆ ಹೋದೆ. ಭಾನುವಾರದ ಸಂಡೇ ಬಜಾರಿನಲ್ಲಿ ಎಚ್.ಎಂ.ವಿ. ಫಿಯೆಸ್ಟಾ ರೆಕಾರ್ಡ್ ಪ್ಲೇಯರ್ ಸಿಕ್ಕಿತು. ಬ್ಯಾಟರಿಯಲ್ಲೂ ಓಡುತ್ತಿದ್ದುದರಿಂದ ನಮ್ಮೂರಿಗೆ ಹೇಳಿ ಮಾಡಿಸಿದಂತಿತ್ತು. ಅದರ ಜತೆಗೆ ಕೊಂಡದ್ದು ‘ಶೋಲೆ’ ಚಿತ್ರದ ಸಂಭಾಷಣೆಯ ಎಲ್‌ಪಿ. ಹಾಡಲ್ಲ, ಬರೀ ಮಾತು! ಪಾಲಿಡಾರ್ ಕಂಪನಿ ಹೊರತಂದ ಆ ತಟ್ಟೆ ದೇಶದಾದ್ಯಂತ ಹಾಡಿನ ತಟ್ಟೆಗಳನ್ನು ಮೀರಿಸುವಂತೆ ಓಡಿತು. ಚಿತ್ರ ತೆಗೆದದ್ದು ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ, ಬಿಡುಗಡೆಯಾದದ್ದು 1975ರಲ್ಲಿ. ಗಬ್ಬರನ ಕುದುರೆಯ ಹಿಂದೆ ತಾನೂ ಓಡಿದ್ದೇನೆ ಎನ್ನುವವರು ನಮ್ಮ ಸುತ್ತಿನ ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ. ಅವರೆಲ್ಲ ನಿಜವಾಗಿ ಓಡಿದ್ದರೆ ಚಿತ್ರದಲ್ಲಿ ಧೂಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಿಂದಿಯ ಒಂದಕ್ಷರ ಬಾರದ ನಮ್ಮಜ್ಜಿ ಆ ತಟ್ಟೆಯನ್ನು ಪೂರ್ತಿ ಕೇಳಿ, “ಆ ಮುಂಡೇದಕ್ಕೆ ಅನ್ನ ನೀರು ಸರಿಯಾಗಿ ಸಿಕ್ಕಿಲ್ಲ ಕಣ್ಲಾ, ಅದಕ್ಕೇ ಹಂಗೆ ಕಿರುಚ್ತದೆ” ಎಂದು ತೀರ್ಪು ಕೊಟ್ಟರು.

ಕೆಲಸ ಸಿಕ್ಕ ಮೇಲೆ, 1993ರಲ್ಲಿ, ಸ್ವಂತ ಆಂಪ್ಲಿಫೈಯರ್ ಕಟ್ಟಿದೆ. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯವು: ದಪ್ಪ ಟ್ರಾನ್ಸ್‌ಫಾರ್ಮರು, ಲೋಹದ ಟೋಪಿ ಹಾಕಿಕೊಂಡ 2ಎನ್3055 ಟ್ರಾನ್ಸಿಸ್ಟರುಗಳು, ಎರಡು ಎಂಟಿಂಚಿನ ಸ್ಪೀಕರು. ತಿರುಗಿಸುವ ಗುಬುಟು ಮಾತ್ರ ಅಂಗಡಿಯದು ಬೇಡವೆನಿಸಿತು. ಚನ್ನಪಟ್ಟಣದ ಬೊಂಬೆ ಕಸಬಿನ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅರಗಿನ ಕಡ್ಡಿ ಒತ್ತಿ ಹಿಡಿದು, ತಿರುಗುವ ಬಿಸಿಗೇ ಬಣ್ಣ ಕರಗಿಸಿ, ಕೇದಗೆ ಗರಿಯಿಂದ ಉಜ್ಜಿ ಹತ್ತು ನಿಮಿಷದಲ್ಲಿ ನಾಲ್ಕು ಗುಬುಟು ಕೊಟ್ಟರು: ಎರಡು ಕೆಂಪು, ಒಂದು ಹಳದಿ, ಒಂದು ಹಸಿರು. “ಏನು ಬೊಂಬೆಗೆ ಮೇಷ್ಟ್ರೇ ಇದು?” ಎಂದು ಕೇಳಿದರು. “ಹಾಡೋ ಬೊಂಬೆಗೆ” ಎಂದೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಸ್ಪೀಕರು ಪೆಟ್ಟಿಗೆಯದೇ ದೊಡ್ಡ ವಾದವಾಯಿತು. ವೀಣೆ ಹಲಸಿನ ಮರದಲ್ಲಿ ಆಗುತ್ತದೆ, ಆದ್ದರಿಂದ ಇದಕ್ಕೂ ಹಲಸೇ ಬೇಕು ಎಂದು ಬಡಗಿ ಪಟ್ಟು ಹಿಡಿದ. ವೀಣೆಯ ಮರ ತಾನೂ ಹಾಡಬೇಕು, ಸ್ಪೀಕರಿನ ಮರ ತುಟಿ ಬಿಚ್ಚಬಾರದು ಎಂದು ನಾನು. ಕೊನೆಗೆ ದಪ್ಪ ಪ್ಲೈವುಡ್ಡಿನಲ್ಲೇ ಆಯಿತು. ಪೆಟ್ಟಿಗೆಯೊಳಗಿನ ಪ್ರತಿಧ್ವನಿ ಕುಡಿಯಲು ಪೇಟೆಯವರು ಗಾಜಿನ ಉಣ್ಣೆ ತುಂಬುತ್ತಾರೆ. ನಾನು ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ತ್ಯಾಜ್ಯ ತುಂಬಿದೆ. ಮೂವತ್ತು ವರ್ಷ ದಾಟಿದೆ, ಇನ್ನೂ ಹಾಗೇ ಇದೆ.

ಈ ಪೆಟ್ಟಿಗೆಗಳ ನಿಜವಾದ ಪರೀಕ್ಷೆಯಾದದ್ದು 1998ರಲ್ಲಿ ಸಿ.ಡಿ. ಪ್ಲೇಯರ್ ಬಂದಾಗ. ಸದ್ದನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಟ್ಟ ತಟ್ಟೆ. ಅದರ ದೊಡ್ಡಸ್ತಿಕೆ ಸದ್ದಿನಲ್ಲಿಲ್ಲ, ಮೌನದಲ್ಲಿದೆ. ಟೇಪಿನ ಸುಯ್‌ಗುಟ್ಟುವಿಕೆ ಇಲ್ಲ, ತಟ್ಟೆಯ ಚಟಪಟ ಇಲ್ಲ. ಒಂದು ರಾತ್ರಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದ್ದೆ. ಮೀಟಿದ ತಂತಿ ಕ್ಷೀಣಿಸುತ್ತಾ ಹೋಗಿ ಇನ್ನೇನು ಇಲ್ಲವಾಗುವಾಗ, ಅದರ ಹಿಂದೆ ಸಣ್ಣಗೆ ಮಳೆ ಕೇಳಿಸಿತು. ಅಂಗಳಕ್ಕೆ ಹೋಗಿ ನೋಡಿದರೆ ನಕ್ಷತ್ರ! ಮಳೆಯಲ್ಲ, ಪಕ್ಕದ ಕೋಣೆಯಲ್ಲಿ ನಾಲ್ಕನೆಯ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುತ್ತಿದ್ದವು. ರೇಷ್ಮೆ ಸಾಕಿದವರಿಗೆ ಹೊಸದಲ್ಲ. ಆ ಕೊನೆಯ ವಾರದಲ್ಲೇ ಅವು ತಮ್ಮ ಆಯುಸ್ಸಿನ ಬಹುಪಾಲು ಸೊಪ್ಪು ತಿನ್ನುವುದು. ಹುಟ್ಟಿದಾಗಿನಿಂದ ಕೇಳಿದ ಸದ್ದನ್ನು ಅಂದು ವೀಣೆಯ ಪಕ್ಕದಲ್ಲಿಟ್ಟು ಕೇಳಿದೆ.

ಈಗ ನಡುಮನೆ. ಬೆಂಗಳೂರಿನ ಸ್ನೇಹಿತರ ಮನೆಗಳಲ್ಲಿ ನನ್ನದಕ್ಕಿಂತ ಹತ್ತು ಪಟ್ಟು ಬೆಲೆಯ ಯಂತ್ರಗಳನ್ನು ಕೇಳಿದ್ದೇನೆ. ಒಂದೂ ನಮ್ಮ ನಡುಮನೆಯ ಮಟ್ಟಕ್ಕೆ ಬರಲಿಲ್ಲ. ಇದು ಊರಿನ ಅಭಿಮಾನ ಎಂದುಕೊಂಡವರಿಗೆ ಸೇಬಿನ್ ಎಂಬ ಮೇಷ್ಟ್ರ ಕಥೆ ಹೇಳುತ್ತೇನೆ. ಅಮೆರಿಕದ ಹಾರ್ವರ್ಡ್‌ನಲ್ಲಿ 1895ರಲ್ಲಿ ಹೊಸ ಉಪನ್ಯಾಸ ಮಂದಿರ ಕಟ್ಟಿಸಿದರು. ಒಳಗೆ ಆಡಿದ ಮಾತು ಐದು ಸೆಕೆಂಡು ಕಳೆದರೂ ಸಾಯುತ್ತಿರಲಿಲ್ಲ, ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತಿತ್ತು. ಸರಿಪಡಿಸು ಎಂದು ಭೌತಶಾಸ್ತ್ರದ ಯುವ ಅಧ್ಯಾಪಕ ವಾಲೆಸ್ ಸೇಬಿನ್‌ಗೆ ಒಪ್ಪಿಸಿದರು. ಆತ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊರಿಸಿ ತಂದು ಜೋಡಿಸಿ, ಆರ್ಗನ್ನಿನ ಕೊಳವೆ ಊದಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಾ ಕೂತ. ಕೋಣೆ ದೊಡ್ಡದಾದಷ್ಟೂ ಸದ್ದಿಗೆ ಆಯುಸ್ಸು ಹೆಚ್ಚು, ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಕಡಿಮೆ. ಇಂದಿಗೂ ಸಭಾಂಗಣ ಕಟ್ಟುವವರು ಈ ಲೆಕ್ಕದಿಂದಲೇ ಶುರುಮಾಡುತ್ತಾರೆ.

ನಮ್ಮ ನಡುಮನೆಯಲ್ಲಿ ಸೇಬಿನ್ನನ ಮೆತ್ತೆಗಳ ಕೆಲಸವನ್ನು ರಾಗಿ ಮೂಟೆಗಳು ಮಾಡುತ್ತವೆ. ಒಂದು ಗೋಡೆಗೆ ಗೋಣಿಚೀಲ, ಇನ್ನೊಂದಕ್ಕೆ ಒರಗಿಸಿದ ಬಿದಿರಿನ ಚಂದ್ರಂಕಿಗಳು. ಹಣ್ಣಾದ ಹುಳು ಗೂಡು ಕಟ್ಟಲೆಂದು ಸುರುಳಿ ಸುರುಳಿಯಾಗಿ ಬಿದಿರು ಹೆಣೆದ ಅಗಲವಾದ ತಟ್ಟಿ ಅದು. ಬಂದ ಸದ್ದನ್ನು ಒಂದೇ ಕಡೆಗೆ ಹೊಡೆಯದೆ ಹತ್ತು ದಿಕ್ಕಿಗೆ ಚೆದುರಿಸುತ್ತದೆ. ಪೇಟೆಯಲ್ಲಿ ಇದಕ್ಕೆಂದೇ ಮರದ ಹಲಗೆಗಳನ್ನು ಸಾವಿರಾರು ರೂಪಾಯಿಗೆ ಮಾರುತ್ತಾರೆ. ಮೇಲೆ ಹೆಂಚು, ಸಂದಿಗಳಿಂದ ಒಂದಿಷ್ಟು ಸದ್ದು ಆಕಾಶಕ್ಕೆ ಸೋರಿ ಹೋಗುತ್ತದೆ, ಸೋರಿದ್ದು ಮರಳಿ ಬಂದು ಕಾಡುವುದಿಲ್ಲ. ಕಳೆದ ಯುಗಾದಿಗೆ ಬಲೂನು ಒಡೆದು ಮೊಬೈಲಿನಲ್ಲಿ ಅಳೆದೆ: ಅರ್ಧ ಸೆಕೆಂಡಿಗೂ ಕಡಿಮೆ. ಎದುರು ಮನೆಯವರ ಹೊಸ ತಾರಸಿ ಮನೆಯ ಬರಿಯ ಹಾಲ್‌ನಲ್ಲಿ ಎರಡು ಸೆಕೆಂಡು ದಾಟಿತು. ಅಲ್ಲಿ ಗೃಹಪ್ರವೇಶದ ಮಂತ್ರ ಯಾವುದು, ಮಗುವಿನ ಅಳು ಯಾವುದು ಎಂದೇ ತಿಳಿಯಲಿಲ್ಲ.

ಅಳೆದದ್ದಕ್ಕೆ ಕಾರಣವಿತ್ತು. ತಮ್ಮ ಹಳೇಮನೆ ಕೆಡವಿ ತಾರಸಿ ಹಾಕಿಸುತ್ತಾನೆ. ತೊಲೆಗೆ ಗೆದ್ದಲು ಹತ್ತಿದೆ, ಮಳೆಗಾಲದಲ್ಲಿ ಅವ್ವನ ಹಾಸಿಗೆ ಮೂರು ಕಡೆ ಜರುಗಿಸಬೇಕು. “ಅಣ್ಣ, ನಿನ್ನ ವೀಣೆಗೋಸ್ಕರ ಅವ್ವ ನೆನೀಬೇಕಾ?” ಎಂದು ಅವನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಇನ್ನೊಂದು ಮಾತೂ ಇದೆ. ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಆಟ ಆಡಿಸುತ್ತೇನೆ. ಯಂತ್ರದಿಂದ ಕೀರಲು ಸ್ವರ ಹೊರಡಿಸಿ ಮೇಲೇರಿಸುತ್ತಾ ಹೋಗುವುದು, ಕೇಳಿಸುವವರೆಗೆ ಎಲ್ಲರೂ ಕೈ ಎತ್ತಿ ಹಿಡಿಯುವುದು. ಹುಡುಗರ ಕೈಗಳು 16,000 ದಾಟಿದರೂ ಮೇಲೇ ಇರುತ್ತವೆ. ಈ ವರ್ಷ ನನ್ನ ಕೈ 11,000ಕ್ಕೆ ಇಳಿಯಿತು. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ವಯಸ್ಸಿನೊಂದಿಗೆ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳೇ. “ಸಾರ್, ಇನ್ನೂ ಕೇಳ್ತಾ ಇದೆ ಸಾರ್!” ಎಂದು ಅವರು ಕೂಗುತ್ತಿದ್ದರು. ನನಗೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಹೊಸ ಸ್ಪೀಕರು ಕೊಳ್ಳುವ ಆಸೆ ಅಂದೇ ಇಳಿಯಿತು. ನಾನು ಕೇಳಲಾರದ ಸ್ವರಕ್ಕೆ ನಾನೇಕೆ ದುಡ್ಡು ಕೊಡಲಿ?

ಎಂಬತ್ತು ದಾಟಿದ ಅವ್ವನಿಗೆ ಈಗ ಅಂಗೈಯಗಲದ ಬ್ಲೂಟೂತ್ ಸ್ಪೀಕರು ಸಾಕು. ಮೊಮ್ಮಗಳು ಮೊಬೈಲಿನಲ್ಲಿ ಆಕಾಶವಾಣಿ ಹಾಕಿಕೊಡುತ್ತಾಳೆ. ನನಗೆ ಉಳಿದಿರುವುದು ಚಂದ್ರಂಕಿಗಳ ವ್ಯವಹಾರ. ಹುಳುಮನೆಗೆ ಪ್ಲಾಸ್ಟಿಕ್ಕಿನವು ಬಂದ ಮೇಲೆ ಬಿದಿರಿನವು ಅಟ್ಟ ಸೇರಿವೆ, ಎಣಿಸಿದರೆ ಹದಿನಾಲ್ಕು. ಹೊಸ ಹಾಲಿನ ಗೋಡೆಗೆ ಆರು ಬೇಕೆಂದು ಕೇಳಿದ್ದೇನೆ. “ಭಾವ, ಟೈಲ್ಸ್ ಹಾಕಿಸಿದ ಮನೇಲಿ ಹುಳದ ತಟ್ಟಿನಾ?” ಎಂದು ತಮ್ಮನ ಹೆಂಡತಿ ಮುಖ ಸಿಂಡರಿಸಿದಳು. ಸದ್ಯಕ್ಕೆ ಎರಡಕ್ಕೆ ಒಪ್ಪಿಗೆಯಾಗಿದೆ. ರಾಗಿ ಮೂಟೆಯ ಮಾತನ್ನು ನಾನಿನ್ನೂ ಎತ್ತಿಲ್ಲ.