ಕೆಮ್ಮಣ್ಣಿನ ನಾಡು, ಮರಳಿನ ಹಾದಿ

ಬೆಂಗಳೂರನ್ನು ಬಿಟ್ಟು ಪೂರ್ವಾಭಿಮುಖವಾಗಿ ಹೊರಟ ಪ್ರಯಾಣಿಕನನ್ನು ಮಾಲೂರಿನ ಸೀಮೆಯಲ್ಲಿ ಮೊದಲು ಎದುರುಗೊಳ್ಳುವುದು ಕೆಂಪು ಮಣ್ಣು. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು ಅದು. ನೀಲಗಿರಿಯ ತೋಪುಗಳು, ರಾಗಿಯ ಹೊಲಗಳು, ಮಳೆಯನ್ನೇ ನೆಚ್ಚಿದ ಕೆರೆಗಳು, ನಡುನಡುವೆ ತಲೆಯೆತ್ತಿದ ಬಂಡೆಗಳು: ಇವನ್ನೆಲ್ಲ ದಾಟಿ ತಮಿಳುನಾಡಿನ ಗಡಿಯತ್ತ ಸಾಗಿದರೆ ಸಿಗುವ ಗ್ರಾಮವೇ ಮಾಸ್ತಿ.

ಈ ಹೆಸರನ್ನು ಕೇಳಿದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವವರು ಸಣ್ಣಕಥೆಗಳ ಜನಕ ವೆಂಕಟೇಶ ಅಯ್ಯಂಗಾರ್ಯರು. ಊರಿನ ಹೆಸರಾದರೋ ಅವರಿಗಿಂತ ಬಹಳ ಹಿಂದಿನದು. ‘ಮಹಾಸತಿ’ ಎಂಬ ಮಾತೇ ಸವೆದು ‘ಮಾಸ್ತಿ’ಯಾಯಿತೆನ್ನುತ್ತಾರೆ. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು, ಅವನ ಹಿಂದೆ ಹೋದವಳಿಗೆ ಮಾಸ್ತಿಗಲ್ಲು. ಸಾಹಸವನ್ನು ಸತ್ತ ಮೇಲೆ ಕಲ್ಲಿನಲ್ಲಿ ನಿಲ್ಲಿಸುವುದು ಕನ್ನಡನಾಡಿನ ಹಳೆಯ ಪದ್ಧತಿ.

ಇದೇ ಕೋಲಾರ ಜಿಲ್ಲೆಯ ಮಣ್ಣಿನಲ್ಲಿ ಬೇರೊಂದು ಬಗೆಯ ಸಾಹಸ ಈಚೆಗೆ ಬೇರೂರಿತು. ಬೆಂಗಳೂರಿನ ಮೋಟಾರ್‌ಸೈಕಲ್ ಸವಾರ ಸಿ. ಎಸ್. ಸಂತೋಷ್ ಅವರು ಏರುತಗ್ಗುಗಳ ನೆಲವೊಂದನ್ನು ಸವಾರಿಯ ಶಾಲೆಯಾಗಿ ಮಾರ್ಪಡಿಸಿ, ಅದಕ್ಕೆ ‘ಬಿಗ್ ರಾಕ್’ ಎಂದು ಹೆಸರಿಟ್ಟರು.

ಇಂಗ್ಲೆಂಡಿನಲ್ಲಿ ಇಂಥ ಶಾಲೆ ಹೊಸತಲ್ಲ. 1928ರಲ್ಲಿ ಲಂಡನ್ನಿನ ಸಮೀಪದ ಹೈ ಬೀಚ್ ಎಂಬಲ್ಲಿ ಮಣ್ಣಿನ ಓಟವನ್ನು ನೋಡಲು ಸಹಸ್ರಾರು ಜನ ನೆರೆದರು. ಅಂದಿನಿಂದ ‘ಸ್ಪೀಡ್‌ವೇ’ ಆ ದೇಶದ ಊರೂರುಗಳ ಆಟವಾಯಿತು. ಬ್ರೇಕೇ ಇಲ್ಲದ ಗಾಡಿ, ಅಂಡಾಕಾರದ ಅಂಗಳ, ನಾಲ್ಕೇ ಸುತ್ತು. ಅಲ್ಲಿಯ ಹುಡುಗನಿಗೆ ತನ್ನ ಊರಂಚಿನಲ್ಲೇ ಅಂಗಳವಿತ್ತು. ಬೀಳುವುದನ್ನೂ ಏಳುವುದನ್ನೂ ಕಲಿಸುವ ಹಿರಿಯರಿದ್ದರು. ನಮ್ಮ ಹುಡುಗನಿಗೆ ಅಂಥ ಅನುಕೂಲವೆಲ್ಲಿ? ಮಗ ಮೋಟಾರ್‌ಸೈಕಲ್ ಕೇಳಿದರೆ ತಾಯಿಯ ಎದೆ ನಡುಗುವ ಮನೆಗಳೇ ನಮ್ಮಲ್ಲಿ ಹೆಚ್ಚು.

ಸಂತೋಷ್ ಅವರು ಮೊದಲು ಹೆಸರು ಗಳಿಸಿದ್ದು ಮಣ್ಣಿನ ದಿಬ್ಬಗಳ ಮೇಲೆ ಹಾರಿ ಇಳಿಯುವ ಸೂಪರ್‌ಕ್ರಾಸ್ ಸ್ಪರ್ಧೆಗಳಲ್ಲಿ. ಕೆಲವೇ ನಿಮಿಷಗಳ ಆ ಆಟದಿಂದ ಅವರು ದಿನಗಟ್ಟಲೆ ನಡೆಯುವ ರ‍್ಯಾಲಿಗಳತ್ತ ಹೊರಳಿದರು. ಹಿಮಾಲಯದ ಕಲ್ಲುದಾರಿಗಳಲ್ಲಿ ಗೆದ್ದರು. 2013ರಲ್ಲಿ ಅಬುಧಾಬಿಯ ಮರುಭೂಮಿಗೆ ಹೋದಾಗ ಕಾದಿದ್ದುದು ಬೇರೆಯೇ ಪರೀಕ್ಷೆ. ಸ್ಪರ್ಧೆಯ ನಡುವೆ ಗಾಡಿಗೆ ಬೆಂಕಿ ಹತ್ತಿಕೊಂಡಿತು. ಸವಾರನ ಕತ್ತು ಸುಟ್ಟಿತು. ಅಲ್ಲಿಗೇ ಆಸೆಯನ್ನು ಕೈಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಗಾಯ ಮಾಗಿದ ಮೇಲೆ ಅವರು ಮತ್ತೆ ಮರಳಿಗೇ ಮರಳಿದರು.

2015ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ಡಾಕರ್ ರ‍್ಯಾಲಿ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಿಂದ ಹೊರಟು, ಚಿಲಿಯ ಮರುಭೂಮಿಯನ್ನೂ ಬೊಲಿವಿಯಾದ ಉಪ್ಪಿನ ಬಯಲನ್ನೂ ಹಾದು, ಹೊರಟಲ್ಲಿಗೇ ಮರಳಬೇಕು. ಎರಡು ವಾರ ಬಿಸಿಲು, ಚಳಿ, ಧೂಳು. ಜೊತೆಗೆ ದಾರಿ ಹೇಳಲು ಕಣ್ಣೆದುರಿನ ಕಾಗದದ ಸುರುಳಿಯೊಂದೇ. ಆ ವರ್ಷ ಪೋಲೆಂಡಿನ ಸವಾರನೊಬ್ಬ ಹಾದಿಯಲ್ಲೇ ಅಸುನೀಗಿದ. ಸಂತೋಷ್ 36ನೆಯವರಾಗಿ ಗುರಿ ಮುಟ್ಟಿದರು. ಡಾಕರನ್ನು ಪೂರೈಸಿದ ಮೊದಲ ಭಾರತೀಯ ಅವರೇ.

ಸಾಹಸ ಮಾತ್ರ ತನ್ನ ಬೆಲೆಯನ್ನು ಬಿಡದೆ ಕೇಳುತ್ತದೆ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಡಾಕರಿನಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟಾಗಿ, ವೈದ್ಯರು ಔಷಧದಿಂದಲೇ ಅವರನ್ನು ಕೆಲವು ದಿನ ಪ್ರಜ್ಞಾಶೂನ್ಯ ಸ್ಥಿತಿಯಲ್ಲಿ ಇರಿಸಬೇಕಾಯಿತು. ಆ ದಿನಗಳಲ್ಲಿ ಮನೆಯವರು ಅನುಭವಿಸಿದ ಸಂಕಟವನ್ನು ಗೆಲವಿನ ಯಾವ ಪಟ್ಟಿಯೂ ಹೇಳದು. ಅದೃಷ್ಟಕ್ಕೆ ಅವರು ಚೇತರಿಸಿಕೊಂಡು ತಾಯ್ನಾಡಿಗೆ ಮರಳಿದರು.

ಆದ್ದರಿಂದಲೇ ಮಾಸ್ತಿಯ ಸೀಮೆಗೆ ಬಂದವನು ಒಂದು ಮಾತನ್ನು ಯೋಚಿಸಬೇಕು. ಸವಾರಿಯ ಹಂಬಲವನ್ನು ಗದರಿಕೆಯಿಂದ ಅಡಗಿಸಲಾಗದು. ಶಿಕ್ಷಣವಿಲ್ಲದಿದ್ದರೆ ಅದು ಸಾರ್ವಜನಿಕ ರಸ್ತೆಗೆ ಇಳಿಯುತ್ತದೆ. ತಲೆಗೆ ಶಿರಸ್ತ್ರಾಣ, ಮೊಣಕಾಲಿಗೆ ರಕ್ಷಾಕವಚ, ಪಕ್ಕದಲ್ಲಿ ಗುರು, ಕೆಳಗೆ ಮೆತ್ತನೆಯ ಮಣ್ಣು: ಇವಿದ್ದಲ್ಲಿ ಬೀಳುವುದೂ ಒಂದು ಪಾಠವಾದೀತು. ಹಿಂದಿನವರು ಮಡಿದ ವೀರರಿಗೆ ಕಲ್ಲು ನಿಲ್ಲಿಸಿದರು. ಬದುಕಿರುವ ವೀರರಿಗೆ ನಾವು ಕೊಡಬೇಕಾದದ್ದು, ಬಿದ್ದು ಏಳಲು ಒಂದಿಷ್ಟು ನೆಲ.