ರಾಯರ ಮನೆಯ ಡಿಶ್

ಮನೆಗೆ ಹೊಸ ವಸ್ತುವೊಂದು ಬಂದಾಗ ಅದಕ್ಕೆ ಸ್ವಾಗತ ದೊರೆಯುವುದು ಸಹಜ. ತೊಡಕು ಇರುವುದು ಇದ್ದ ವಸ್ತುವನ್ನು ಹೊರಗೆ ಕಳುಹಿಸುವಾಗ. ಅದು ಬೀಸುವ ಕಲ್ಲೇ ಆಗಲಿ, ಕಂದೀಲೇ ಆಗಲಿ, ಅದರ ಸುತ್ತ ಯಾರದೋ ಒಬ್ಬರ ದಿನಚರಿ ಬಳ್ಳಿಯಂತೆ ಹಬ್ಬಿಕೊಂಡಿರುತ್ತದೆ. ವಸ್ತುವನ್ನು ಕಿತ್ತಾಗ ಬಳ್ಳಿಯೂ ಕಿತ್ತುಬರುತ್ತದೆ.

ಸಾಗರದ ಸಮೀಪದ ಊರೊಂದರಲ್ಲಿ, ಅಡಿಕೆ ತೋಟದ ಅಂಚಿನ ಹೆಂಚಿನ ಮನೆಯಲ್ಲಿ ವಾಸವಾಗಿರುವ ರಾಯರಿಗೆ 2025ರ ಮಳೆಗಾಲದಲ್ಲಿ ಇಂಥ ತೊಡಕೊಂದು ಎದುರಾಯಿತು. ಕೊಟ್ಟಿಗೆಯ ಗೋಡೆಗೆ ಬಿಗಿದಿದ್ದ, ಆಗ್ನೇಯಕ್ಕೆ ಮುಖ ಮಾಡಿದ್ದ ಡಿಶ್ಶನ್ನು ಇಟ್ಟುಕೊಳ್ಳುವುದೇ, ಬಿಡುವುದೇ ಎಂಬುದು ಪ್ರಶ್ನೆ. ಮಗನು ಬೆಂಗಳೂರಿನ ಕಂಪನಿಯೊಂದರ ನೌಕರ. 2020ರಲ್ಲಿ ಕೊರೋನಾ ಪಿಡುಗಿನಿಂದ ಊರೆಲ್ಲ ಬಾಗಿಲು ಹಾಕಿದಾಗ ಹೆಂಡತಿ ಮಗಳೊಂದಿಗೆ ತಂದೆಯ ಮನೆಗೆ ಬಂದವನು, ಅಲ್ಲಿಂದಲೇ ಕೆಲಸ ಮಾಡುವ ಅನುಕೂಲವನ್ನು ಉಳಿಸಿಕೊಂಡಿದ್ದನು. ಅವನ ಕೆಲಸಕ್ಕಾಗಿ ಮನೆಗೆ ಫೈಬರ್ ತಂತಿ ಬಂದಿತು. ತಂತಿಯ ಬೆನ್ನಿಗೇ ಓಟಿಟಿಯೂ ಬಂದಿತು.

"ಅಪ್ಪಯ್ಯಾ, ಇಂಟರ್ನೆಟ್ಟಿಗೆ ಹೇಗೂ ಹಣ ಕಟ್ಟುತ್ತಿದ್ದೇವೆ. ಡಿಶ್ಶಿಗೆ ಬೇರೆ ತಿಂಗಳು ತಿಂಗಳು ಕಟ್ಟುವುದು ಏಕೆ? ಅದರಲ್ಲಿ ಬರುವ ಎಲ್ಲವೂ ಇದರಲ್ಲಿಯೂ ಸಿಗುತ್ತದೆ" ಎಂದನು ಮಗ.

ಮಾತು ನ್ಯಾಯವಾದದ್ದೇ. ರಾಯರು ಮೂವತ್ತಾರು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಲೆಕ್ಕವಿಲ್ಲದೆ ತೀರ್ಮಾನಕ್ಕೆ ಬರುವವರಲ್ಲ. ಹಳೆಯ ನೋಟುಬುಕ್ಕೊಂದರ ಕೊನೆಯ ಪುಟದಲ್ಲಿ ನಡುವೆ ಗೆರೆ ಎಳೆದು, ಎಡಗಡೆ 'ಡಿಶ್' ಎಂದೂ ಬಲಗಡೆ 'ಓಟಿಟಿ' ಎಂದೂ ಬರೆದರು.

ಎಡಗಡೆ ಬರೆಯಲು ಕುಳಿತಾಗ ಅವರ ಮನಸ್ಸು ಐವತ್ತು ವರ್ಷ ಹಿಂದಕ್ಕೆ ಹೋಯಿತು. 1975ರಲ್ಲಿ ಅವರು ಇಪ್ಪತ್ತೆರಡರ ತರುಣ. ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಆಗತಾನೆ ಮೇಷ್ಟ್ರಾಗಿದ್ದರು. ಆ ವರ್ಷದ ಆಗಸ್ಟ್ 1ರಂದು, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಏಟಿಎಸ್-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಬಿತ್ತರಿಸುವ ಪ್ರಯೋಗ ಆರಂಭವಾಯಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ದೊರೆಯಿತು. ನಗರಗಳಲ್ಲಿಯೇ ಟೆಲಿವಿಷನ್ ಅಪರೂಪವಾಗಿದ್ದ ಕಾಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಸ್ಥಾಪನೆಯಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಹಳ್ಳಿಯ ಜನ ನೇರವಾಗಿ ಆಕಾಶದಿಂದ ಚಿತ್ರಗಳನ್ನು ಇಳಿಸಿಕೊಂಡರೆಂಬುದು ಸಣ್ಣ ಸಂಗತಿಯಲ್ಲ. ಡಿಶ್ಶೆಂದರೆ ಇಂದಿನಂತೆ ಊಟದ ತಟ್ಟೆಗಿಂತ ತುಸು ದೊಡ್ಡದಾದುದಲ್ಲ. ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯನ್ನು ಬಿಗಿದು ಮಾಡಿದ, ಮೂರು ಮೀಟರ್ ಅಗಲದ ಮಹಾಪಾತ್ರೆ. ಸಂಜೆಯಾದರೆ ಊರೆಲ್ಲ ಶಾಲೆಯ ಮುಂದೆ. ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣಗಳ ವಿಷಯವನ್ನು ಕಪ್ಪುಬಿಳುಪಿನ ಬೊಂಬೆಗಳು ಹೇಳುತ್ತಿದ್ದರೆ ಜನರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

ಗೊತ್ತಾಗಿದ್ದ ಒಂದು ವರ್ಷ ಮುಗಿಯಿತು. 1976ರ ಜುಲೈ 31ಕ್ಕೆ ಪ್ರಯೋಗ ನಿಂತಿತು. ಉಪಗ್ರಹವು ತನ್ನ ಒಡೆಯರ ಅಪ್ಪಣೆಯಂತೆ ಬೇರೆಡೆಗೆ ಸರಿಯಿತು. ಅದನ್ನು ಜನರಿಗೆ ಮೊದಲೇ ತಿಳಿಸಿಯೂ ಇದ್ದರು. ಆದರೂ ಮರುದಿನ ಸಂಜೆ ನಾಲ್ಕಾರು ಮುದುಕರು ಬಂದು, ಕಣ್ಣು ಮುಚ್ಚಿದ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ಕುಳಿತು ಎದ್ದುಹೋದುದನ್ನು ರಾಯರು ಕಂಡಿದ್ದರು.

ಈ ನೆನಪು ಎಡಗಡೆಯ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ರಾಯರು ತಲೆ ಕೊಡವಿ ಮುಂದುವರಿದರು.

2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಗ್ರಾಹಕನು ತನಗೆ ಬೇಕಾದ ಚಾನೆಲ್ಲುಗಳನ್ನು ತಾನೇ ಆರಿಸಿಕೊಂಡು, ಅಷ್ಟಕ್ಕೆ ಮಾತ್ರ ಹಣ ಕೊಡಬಹುದಾಗಿತ್ತು. ಮೊದಲ ನೂರು ಚಾನೆಲ್ಲುಗಳನ್ನು ಮನೆಗೆ ಮುಟ್ಟಿಸುವುದಕ್ಕೆ 130 ರೂಪಾಯಿ ಮತ್ತು ತೆರಿಗೆಯನ್ನು ಮೀರಬಾರದೆಂದು ಆಗ ಗೊತ್ತುಮಾಡಿದ್ದರು. ತೆರಿಗೆ ಕೂಡಿಸಿದರೆ 153 ರೂಪಾಯಿ 40 ಪೈಸೆ; ಬೆಲೆಯುಳ್ಳ ಚಾನೆಲ್ಲುಗಳ ಹಣ ಬೇರೆ. ಆರಿಸಿಕೊಳ್ಳುವ ಸ್ವಾತಂತ್ರ್ಯವೇನೋ ಬಂದಿತು. ಆ ಪಟ್ಟಿಯನ್ನು ಓದುವ ತಾಳ್ಮೆ ಎಷ್ಟು ಜನರಿಗಿತ್ತೋ! ರಾಯರೂ ಎಲ್ಲರಂತೆ ಕಂಪನಿಯವರೇ ಕಟ್ಟಿಕೊಟ್ಟ ಗಂಟನ್ನು ಹೊತ್ತು ತಂದಿದ್ದರು. ಈಗ ತಿಂಗಳಿಗೆ ಮುನ್ನೂರು ರೂಪಾಯಿಗಿಂತ ತುಸು ಹೆಚ್ಚೇ ಆಗುತ್ತಿತ್ತು. ಅದರಲ್ಲಿ ನೋಡುತ್ತಿದ್ದುದೆಷ್ಟು? ರಾಯರಿಗೆ ವಾರ್ತೆ, ಅವರ ಮನೆಯವರಿಗೆ ಬೆಳಗಿನ ಹರಿಕಥೆ, ತಾಯಿಗೆ ಸಂಜೆಯ ಎರಡು ಧಾರಾವಾಹಿಗಳು. ಬಾಕಿ ಚಾನೆಲ್ಲುಗಳು ಜಾತ್ರೆಯಲ್ಲಿ ಕೊಳ್ಳದೆ ದಾಟಿಹೋಗುವ ಅಂಗಡಿಗಳಿದ್ದಂತೆ.

ಬಲಗಡೆಯ ಲೆಕ್ಕವೂ ಮೊದಲಿಗೆ ಕಂಡಷ್ಟು ಸರಳವಾಗಿರಲಿಲ್ಲ. ಒಂದು ಚಲನಚಿತ್ರ ಒಂದು ಕಡೆ, ಇನ್ನೊಂದು ಮತ್ತೊಂದು ಕಡೆ. ಕ್ರಿಕೆಟ್ ಮೂರನೆಯ ಕಡೆ. ಎಲ್ಲಕ್ಕೂ ಬೇರೆ ಬೇರೆ ಚಂದಾ. ಇಂದು ಇದ್ದ ಚಿತ್ರ, ಹಕ್ಕಿನ ಅವಧಿ ತೀರಿತೆಂದರೆ, ನಾಳೆ ಇರುವುದಿಲ್ಲ. ಹೆಸರುಗಳಾದರೂ ಸ್ಥಿರವಾಗಿರಬಾರದೆ? 2015ರಲ್ಲಿ ಹಾಟ್‌ಸ್ಟಾರ್ ಆಗಿ ಹುಟ್ಟಿದ್ದು 2020ರಲ್ಲಿ ಡಿಸ್ನಿ ಹೆಸರನ್ನು ಮುಂದೆ ಧರಿಸಿ, 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಹತ್ತು ವರ್ಷಗಳಲ್ಲಿ ಮೂರು ನಾಮಕರಣ! ಆದರೂ ಎರಡು ಚಂದಾಗಳಲ್ಲಿ ತೃಪ್ತಿಪಡುವುದಾದರೆ ವರ್ಷಕ್ಕೆ ಎರಡು ಸಾವಿರ ರೂಪಾಯಿಯಾದರೂ ಉಳಿಯುತ್ತದೆಂದು ಮಗನು ತೋರಿಸಿಕೊಟ್ಟನು. ರಾಯರು ಕೂಡಿಸಿ ಕಳೆದು ನೋಡಿ ಒಪ್ಪಿದರು.

ಹಣದ ಮಾತನ್ನು ಬಿಟ್ಟರೂ ಎರಡರ ಸ್ವಭಾವವೇ ಬೇರೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು ಚಿತ್ರವನ್ನು ಮಳೆಯಂತೆ ಸುರಿಸುತ್ತದೆ. ಕೆಳಗೆ ಒಂದು ಪಾತ್ರೆ ಹಿಡಿದರೂ ಅಷ್ಟೇ, ಕೋಟಿ ಪಾತ್ರೆ ಹಿಡಿದರೂ ಅಷ್ಟೇ. ಮಳೆಗೆ ಅದರ ಗೊಡವೆಯಿಲ್ಲ. ಓಟಿಟಿಯದು ಬಾವಿಯ ನೀರು. ಪ್ರತಿಯೊಂದು ಮನೆಯೂ ತನಗೆ ಬೇಕಾದಾಗ, ತನ್ನ ಹಗ್ಗದಿಂದ, ತನ್ನ ಕೊಡಕ್ಕೆ ಸೇದಿಕೊಳ್ಳಬೇಕು. ಬೇಕೆಂದಾಗ ಸಿಗುವುದು ಬಾವಿಯ ಗುಣ. ಎಲ್ಲರ ಮೇಲೂ ಒಂದೇ ಗಳಿಗೆಯಲ್ಲಿ ಬೀಳುವುದು ಮಳೆಯ ಗುಣ.

ಈ ವ್ಯತ್ಯಾಸವನ್ನು ಮನೆಯವರು 2024ರ ಜೂನ್ 29ರ ರಾತ್ರಿ ಚೆನ್ನಾಗಿ ಅನುಭವಿಸಿದ್ದರು. ಬಾರ್ಬಡೋಸಿನಲ್ಲಿ ವಿಶ್ವಕಪ್ ಟಿ-20 ಪಂದ್ಯದ ಅಂತಿಮ ಸೆಣಸಾಟ. ಮಲೆನಾಡಿನ ಮಳೆಯಲ್ಲಿ ಡಿಶ್ ಎಂದಿನಂತೆ ಮುಷ್ಕರ ಹೂಡಿದ್ದಿತು. ಉಪಗ್ರಹದ ಅಲೆಗಳು ಬಹಳ ಗಿಡ್ಡವಾದ್ದರಿಂದ ದಟ್ಟ ಮಳೆಯ ಹನಿಗಳು ಅವುಗಳನ್ನು ದಾರಿಯಲ್ಲಿಯೇ ಹೀರಿ ಚದುರಿಸಿಬಿಡುತ್ತವೆ. ಮಗನು ಓಟಿಟಿಯಲ್ಲಿ ಪಂದ್ಯವನ್ನು ಹಾಕಿದನು. ಕೊನೆಯ ಓವರಿನ ಮೊದಲ ಚೆಂಡನ್ನು ಎಸೆಯಲು ಹಾರ್ದಿಕ್ ಪಾಂಡ್ಯ ಇನ್ನೂ ಓಡಿಬರುತ್ತಿರಲಿಲ್ಲ. ಅಷ್ಟರಲ್ಲಿ ಕೇಬಲ್ ಹಾಕಿಸಿಕೊಂಡಿದ್ದ ನೆರೆಮನೆಯಿಂದ ಹೋ ಎಂಬ ಕೂಗು ಕೇಳಿಬಂತು. ಇಲ್ಲಿ ಎಲ್ಲರೂ ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ಮಿಲ್ಲರ್ ಚೆಂಡನ್ನು ಎತ್ತಿ ಹೊಡೆದನು. ಸೂರ್ಯಕುಮಾರ್ ಯಾದವ್ ಗೆರೆಯ ಅಂಚಿನಲ್ಲಿ ಆ ಅದ್ಭುತವಾದ ಕ್ಯಾಚನ್ನು ಹಿಡಿದನು. ಇವರಿಗೆ ಕೂಗಲು ಉಸಿರೇ ಉಳಿದಿರಲಿಲ್ಲ. ಓಟಿಟಿಯವರು ಚಿತ್ರವನ್ನು ತುಂಡು ತುಂಡಾಗಿ ಕತ್ತರಿಸಿ, ಒಂದಷ್ಟನ್ನು ಮುಂಚಿತವಾಗಿ ಕೂಡಿಟ್ಟುಕೊಂಡು, ಅನಂತರ ತೋರಿಸುತ್ತಾರೆ. ಆದ್ದರಿಂದ ನೇರಪ್ರಸಾರವೂ ಎಷ್ಟೋ ಸೆಕೆಂಡು ತಡವಾಗಿ ಬರುತ್ತದೆ. ಭಾರತವು ಏಳು ರನ್ನುಗಳಿಂದ ಗೆದ್ದ ಸುದ್ದಿಯೂ ಆ ಮನೆಗೆ ಗೋಡೆಯಾಚೆಯಿಂದಲೇ ಮೊದಲು ತಲುಪಿತು.

ಇಷ್ಟೆಲ್ಲ ಆದರೂ ಲೆಕ್ಕದ ತಕ್ಕಡಿ ಬಲಕ್ಕೇ ವಾಲುತ್ತಿತ್ತು. ಎಡಗಡೆ ಉಳಿದದ್ದು ಒಂದೇ: ತಾಯಿ.

ರಾಯರ ತಾಯಿಗೆ ತೊಂಬತ್ತಕ್ಕೆ ಒಂದೇ ಕಡಿಮೆ. ಕಿವಿ ಅರ್ಧ ಮಂದ, ಕಣ್ಣು ಚುರುಕು. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರುತ್ತಿದ್ದಾಗ ಆಕೆ ಸ್ನಾನ ಮಾಡಿ, ಮಡಿಯುಟ್ಟು, ಟೀವಿಗೆ ಎರಡು ದಾಸವಾಳ ಇಟ್ಟು ಕೂರುತ್ತಿದ್ದರು. ಹಿಂದಿ ಒಂದಕ್ಷರವೂ ಬಾರದು. ಕಥೆ ಗೊತ್ತಿರುವವರಿಗೆ ಭಾಷೆಯ ಹಂಗೇಕೆ? ಅಂದಿನಿಂದ ಟೀವಿಯ ಪೆಟ್ಟಿಗೆ ಮೂರು ಸಲ ಬದಲಾಗಿದೆ. ಆಕೆಯ ಬೆತ್ತದ ಕುರ್ಚಿ ಬದಲಾಗಿಲ್ಲ. ಸಂಜೆ ದೀಪ ಹಚ್ಚಿ, ಕೈಮುಗಿದು, ಏಳು ಗಂಟೆಗೆ ಸರಿಯಾಗಿ ಆ ಕುರ್ಚಿಯಲ್ಲಿ ಕುಳಿತು ಆಕೆಯೇ ರಿಮೋಟನ್ನು ಒತ್ತುತ್ತಿದ್ದರು. ಮೂರು ಅಂಕಿಗಳು ಬಾಯಿಪಾಠ. ಟೀವಿಯನ್ನು ತೆರೆಯುವ ಗುಂಡಿ ಗೊತ್ತಾಗಲೆಂದು ಒಂಬತ್ತನೆಯ ತರಗತಿಯಲ್ಲಿ ಓದುವ ಮರಿಮಗಳು ಅದಕ್ಕೆ ತನ್ನ ಉಗುರಿನ ಕೆಂಪು ಬಣ್ಣವನ್ನು ಹಚ್ಚಿಕೊಟ್ಟಿದ್ದಳು. ಇಡೀ ದಿನದಲ್ಲಿ ಇನ್ನೊಬ್ಬರನ್ನು ಕೇಳದೆ ಆಕೆ ಮಾಡುತ್ತಿದ್ದ ಕೆಲಸಗಳು ಹೆಚ್ಚು ಉಳಿದಿರಲಿಲ್ಲ. ಅದು ಅವುಗಳಲ್ಲೊಂದು.

"ದೊಡ್ಡಜ್ಜಿಯ ಸೀರಿಯಲ್ಲು ಓಟಿಟಿಯಲ್ಲಿಯೂ ಇದೆ ಅಜ್ಜ, ದಿನಾ ಸಂಜೆ ನಾನೇ ಹಾಕಿಕೊಡುತ್ತೇನೆ" ಎಂದಳು ಮರಿಮಗಳು. ತಾಯಿಯನ್ನೂ ಕೇಳಿದ್ದಾಯಿತು. "ನನಗೇನು, ಬೊಂಬೆ ಕಂಡರಾಯಿತು. ಸುಮ್ಮನೆ ದುಡ್ಡು ಕಳೆಯಬೇಡ ಅಪ್ಪೀ" ಎಂದರು ಆಕೆ. ಆಷಾಢದಲ್ಲಿ ರೀಚಾರ್ಜಿನ ಅವಧಿ ತೀರಿತು. ಒಂದು ತಿಂಗಳು ಹಾಗೆಯೇ ನಡೆಸಿ ನೋಡೋಣವೆಂದು ರಾಯರು ಸುಮ್ಮನಾದರು.

ಮೊದಲ ವಾರ ಎಲ್ಲವೂ ಸೊಗಸಾಗಿಯೇ ನಡೆಯಿತು. ಮರಿಮಗಳು ಏಳು ಗಂಟೆಗೆ ಬಂದು, ಹತ್ತಾರು ಚಿತ್ರಗಳ ನಡುವೆ ಬಾಣದ ಗುರುತನ್ನು ಓಡಿಸಿ ಧಾರಾವಾಹಿಯನ್ನು ಹುಡುಕಿ ಹಾಕುತ್ತಿದ್ದಳು. ಒಂದು ದಿನ ದೊಡ್ಡಜ್ಜಿ ಬಚ್ಚಲಿಗೆ ಹೋಗಲು ಎದ್ದಾಗ ಅವಳು ಕಥೆಯನ್ನು ನಿಲ್ಲಿಸಿದಳು. ಆಕೆ ಮರಳಿ ಬಂದಾಗ ಪರದೆಯ ಮೇಲಿನ ಅತ್ತೆ ಸೊಸೆಯರಿಬ್ಬರೂ ಬಾಯಿ ತೆರೆದುಕೊಂಡು ನಿಂತಲ್ಲೇ ನಿಂತಿದ್ದರು. "ಅಯ್ಯೋ, ನನಗೋಸ್ಕರ ಕಾಯುತ್ತಿದ್ದಾರೆಯೆ!" ಎಂದು ಆಕೆ ಅವಸರದಿಂದ ಕುರ್ಚಿಗೆ ಬಂದು ಕುಳಿತರು, ಯಾರನ್ನೋ ಬಾಗಿಲಲ್ಲಿ ನಿಲ್ಲಿಸಿಹೋದಷ್ಟು ಸಂಕೋಚ ಆ ಮುಖದ ಮೇಲೆ. ಮನೆಮಂದಿಯೆಲ್ಲ ನಕ್ಕರು.

ಎರಡನೆಯ ವಾರ ಮರಿಮಗಳಿಗೆ ಕಿರುಪರೀಕ್ಷೆ. "ದೊಡ್ಡಜ್ಜಿ, ಇದನ್ನು ಯಾವಾಗ ಬೇಕಾದರೂ ನೋಡಬಹುದು. ಓದು ಮುಗಿಸಿ ಹಾಕಿಕೊಡಲೇ?" ಎಂದಳು. ಅವಳದು ತಪ್ಪೆನ್ನಲಾಗದು. ಓದು ಮುಗಿಯುವ ಹೊತ್ತಿಗೆ ಒಂಬತ್ತೂವರೆ. ದೊಡ್ಡಜ್ಜಿ ಊಟ ಮುಗಿಸಿ ಮಲಗಿರುತ್ತಿದ್ದರು. ಸೊಸೆ ಅಡಿಗೆಮನೆಯಲ್ಲಿ, ಮಗ ಕಂಪನಿಯವರೊಂದಿಗೆ ಮಾತಿನಲ್ಲಿ. ಒಂದು ದಿನ ಹೊಳೆಯ ಬಳಿ ಮರ ಬಿದ್ದು ಫೈಬರ್ ತಂತಿ ತುಂಡಾಯಿತು. ಮೂರು ದಿನ ಅದೂ ಇಲ್ಲ. ಯಾವಾಗ ಬೇಕಾದರೂ ಆಗಬಹುದಾದ ಕೆಲಸಕ್ಕೆ ಇಂಥದೇ ಗಳಿಗೆ ಎಂಬುದಿಲ್ಲವಾದ್ದರಿಂದ, ಅದು ಆಗುವ ಗಳಿಗೆಯೇ ಬರಲಿಲ್ಲ. ಇದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಬೇಕಾದವರು ದೂರು ಹೇಳುವ ಸ್ವಭಾವದವರಲ್ಲ.

ಮೂರನೆಯ ವಾರದ ಒಂದು ಸಂಜೆ ರಾಯರು ತೋಟದಿಂದ ಬಂದು, ನೆನೆದ ಕಂಬಳಿಯನ್ನು ಜಗಲಿಯಲ್ಲಿ ಹರವಿ ಒಳಗೆ ಅಡಿಯಿಟ್ಟರು. ದೇವರ ಮುಂದೆ ದೀಪ ಉರಿಯುತ್ತಿತ್ತು. ತಾಯಿ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಕನ್ನಡಕ ಹಾಕಿಕೊಂಡಿದ್ದರು. ಕಾಲಿಗೆ ಶಾಲು ಸುತ್ತಿಕೊಂಡಿದ್ದರು. ಎದುರಿಗೆ ಟೀವಿ ಕಪ್ಪಾಗಿತ್ತು.

"ಏನಮ್ಮ, ಹಾಕಿಲ್ಲವೇ?"

"ಎಲ್ಲರಿಗೂ ಅವರವರ ಕೆಲಸ ಇರುತ್ತದೆ ಅಪ್ಪೀ. ಏಳು ಗಂಟೆಯಾಯಿತಲ್ಲ, ಕೂತಿದ್ದೇನೆ" ಎಂದರು ಆಕೆ.

ರಾಯರು ಏನನ್ನೂ ಹೇಳಲಿಲ್ಲ. ರಾಯಚೂರು ಸೀಮೆಯ ಆ ಶಾಲೆ, ತಂತಿಬಲೆಯ ಡಿಶ್, ಕಣ್ಣು ಮುಚ್ಚಿದ ಪೆಟ್ಟಿಗೆಯ ಮುಂದಿನ ನಾಲ್ಕಾರು ರುಮಾಲುಗಳು ಅವರ ಕಣ್ಣ ಮುಂದೆ ಬಂದು ನಿಂತವು.

ಆ ರಾತ್ರಿ ಅವರು ಜಗಲಿಯಲ್ಲಿ ಕುಳಿತು ಮೊಬೈಲನ್ನು ತೆರೆದರು. ಒಂದು ತಿಂಗಳಿಗೆ ಇಷ್ಟು, ಆರು ತಿಂಗಳಿಗೆ ಇಷ್ಟು. ಒಂದು ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದರೆ ಕೆಲವು ದಿನಗಳು ಹೆಚ್ಚಿಗೆ. ತಾಯಿಗೆ ಎಂಬತ್ತೊಂಬತ್ತು. ತಿಂಗಳಿಗೊಮ್ಮೆ ಕಟ್ಟುವುದೇ ವ್ಯವಹಾರಸ್ಥನ ಲಕ್ಷಣ ಎಂದು ಗಣಿತದ ಮೇಷ್ಟ್ರು ಒಳಗಿನಿಂದ ಹೇಳಿದರು. ರಾಯರ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲಿಯೇ ನಿಂತಿತು. ಹೊರಗೆ ಮಳೆ ಹೊಯ್ಯುತ್ತಿತ್ತು. ಅವರು ಇಡೀ ವರ್ಷದ ಹಣವನ್ನು ಕಟ್ಟಿದರು. ನೋಟುಬುಕ್ಕಿನ ಆ ಪುಟವನ್ನು ಮತ್ತೆ ತೆರೆಯಲಿಲ್ಲ. ಮಗನು ಬೆಳಗ್ಗೆ ಬ್ಯಾಂಕಿನ ಸಂದೇಶವನ್ನು ನೋಡಿ, ಏನೋ ಕೇಳಲು ಹೊರಟವನು ತಂದೆಯ ಮುಖವನ್ನು ಕಂಡು ಸುಮ್ಮನಾದನು.

ಮರುದಿನ ಮಳೆ ಹೊಳವಾಗಿದ್ದಿತು. ಏಳು ಗಂಟೆಗೆ ತಾಯಿ ಕೆಂಪು ಗುಂಡಿಯನ್ನು ಒತ್ತಿ, ಮೂರು ಅಂಕಿಗಳನ್ನು ಒಂದೊಂದಾಗಿ ಹಾಕಿದರು. ಚಿತ್ರ ಬಂದಿತು. ರಾಯರು ವಾಡಿಕೆಗೆ ವಿರುದ್ಧವಾಗಿ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು. ಮರಿಮಗಳೂ ಪುಸ್ತಕ ಹಿಡಿದುಕೊಂಡೇ ಬಂದು ಕಂಬಕ್ಕೆ ಒರಗಿ ನಿಂತಳು.

"ಇಷ್ಟು ದಿನ ತಪ್ಪಿಹೋಯಿತಲ್ಲ ಅಮ್ಮ, ಕಥೆ ಬಹಳ ಮುಂದೆ ಹೋಗಿಬಿಟ್ಟಿತೋ ಏನೋ?" ಎಂದು ರಾಯರು ಕಿವಿಯ ಹತ್ತಿರ ಬಾಗಿ ಕೇಳಿದರು.

ಆಕೆ ಪರದೆಯಿಂದ ಕಣ್ಣು ತೆಗೆಯದೆ ಕೈಯಾಡಿಸಿದರು.

"ಎಲ್ಲಿಗೂ ಹೋಗಿಲ್ಲ. ಅವತ್ತು ಶುರುವಾದ ಮದುವೆ, ಇನ್ನೂ ಧಾರೆಯೇ ಆಗಿಲ್ಲ."